ಎಡಗೈ ಹೊಲಿಗೆ

ಫೆಬ್ರವರಿ 4

ಅಕ್ಕಾ,

ನಿನ್ನೆ ಮಧ್ಯಾಹ್ನ ಅಂಗಡಿಯಲ್ಲಿ, ಎದುರಿಗೆ ಫೋನು ನಿಲ್ಲಿಸಿಕೊಂಡು, ಸಾವಿರಾರು ಜನ ನೋಡುತ್ತಿರುವಾಗಲೇ ಒಂದು ಬ್ಯಾಗನ್ನು ಕೊಯ್ದೆ. ಅರ್ಧ ಕೊಯ್ದ ಮೇಲೆ ಅದು ನೀನು ಹೊಲಿದದ್ದು ಎಂದು ಗೊತ್ತಾಯಿತು.

ಫೋನಿನಲ್ಲಿ ಹೇಳಿದರೆ ನಿನ್ನ ಕಿವಿಗೆ ಅರ್ಧ ಕೇಳಿಸುತ್ತದೆ, ಇನ್ನರ್ಧವನ್ನು ಭಾವ ತಮಗೆ ಬೇಕಾದ ಹಾಗೆ ಕೂಗಿ ಹೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಸಮಾಧಾನವಾಗಿ ಓದು.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಹಳೆ ಬ್ಯಾಗು ರಿಪೇರಿ ಮಾಡಿದರೆ ಅಂಗಡಿ ಬಾಡಿಗೆಗೇ ಸಾಲುವುದಿಲ್ಲವೆಂದು, ವಾರಕ್ಕೊಂದು ದುಬಾರಿ ಬ್ಯಾಗನ್ನು ಬಿಚ್ಚಿ ತೋರಿಸುವ ವೀಡಿಯೊ ಶುರುಮಾಡಿದೆನಲ್ಲ. ಚರ್ಮ ಎಷ್ಟರದ್ದು, ಬಕಲ್ ಎಷ್ಟರದ್ದು, ಕೂಲಿ ಎಷ್ಟು, ಮಿಕ್ಕಿದ್ದೆಲ್ಲ ಗಾಳಿ. ಜನಕ್ಕೆ ಅದೊಂದು ಖುಷಿ. ದೊಡ್ಡ ಹೆಸರಿನ ಬ್ಯಾಗಿನ ಹೊಟ್ಟೆಯಿಂದ ರಟ್ಟು ಹೊರಬಿದ್ದರೆ ಹಬ್ಬ ಮಾಡುತ್ತಾರೆ.

ನಿನ್ನೆಯದನ್ನು ತಂದವರು ಒಬ್ಬ ಹಲ್ಲಿನ ಡಾಕ್ಟರಮ್ಮ. ಒಂದು ಲಕ್ಷ ಅರವತ್ತು ಸಾವಿರ ಕೊಟ್ಟು ಕೊಂಡಿದ್ದರಂತೆ. ಅದಕ್ಕಾಗಿ ಮನೆಯಲ್ಲಿ ದಿನವೂ ಕಿತ್ತಾಟ. "ಕೊಯ್ದೇ ನೋಡಪ್ಪ. ನಾನು ಮೋಸ ಹೋಗಿದ್ದೀನಾ ಇಲ್ವಾ ಅಂತ ಒಂದ್ಸಲ ಗೊತ್ತಾಗ್ಲಿ," ಎಂದರು. ನಾನು ಎಂದಿನಂತೆ ಕತ್ತಿ ಹಿಡಿಯುವ ಮೊದಲೇ ಲೆಕ್ಕ ಒಪ್ಪಿಸಿದೆ. "ಹೊಲಿಗೆ ನೀಟಾಗಿದೆ ಸ್ವಾಮಿ, ಇಲ್ಲ ಅನ್ನಲ್ಲ. ಆದ್ರೆ ಎಷ್ಟಂದ್ರೂ ಒಂದು ಆಳಿನ ಒಂದು ದಿನದ ಕೂಲಿ." ಆಮೇಲೆ ಪಕ್ಕವನ್ನು ಮೇಲಿಂದ ಕೆಳಗೆ ಸೀಳಿದೆ. ರಟ್ಟು ಇರಲಿಲ್ಲ. ಹಿಡಿಕೆಯ ಬುಡ ಬಿಚ್ಚಿದೆ. ಹೊಲಿಗೆಯೆಲ್ಲ ಎಡಕ್ಕೆ ವಾಲಿತ್ತು. ಕೊನೆಯಲ್ಲಿ ದಾರ ಹಿಂದಕ್ಕೆ ಹೊರಳಿ, ಗಂಟೇ ಕಾಣದ ಹಾಗೆ ಚರ್ಮದೊಳಗೆ ಹೋಗಿ ಅಡಗಿತ್ತು. ಇಷ್ಟು ಬ್ಯಾಗು ಬಿಚ್ಚಿದ್ದೇನೆ, ಹಾಗೆ ವಾಲುವ ಹೊಲಿಗೆ ನಿನ್ನ ಎಡಗೈಯದ್ದು ಬಿಟ್ಟರೆ ಬೇರೆಲ್ಲೂ ಕಂಡಿಲ್ಲ.

"ಯಾಕಪ್ಪ ನಿಂತ್ಬಿಟ್ಟೆ?" ಎಂದರು ಡಾಕ್ಟರಮ್ಮ. ನಾನು ಫೋನು ಆರಿಸಿದೆ. ಅಷ್ಟು ಹೊತ್ತಿಗೆ ಜನ ನೋಡಿಯಾಗಿತ್ತು.

ಅಕ್ಕಾ, ನಿಜ ಹೇಳು. ನಿನ್ನಿಂದ ಬ್ಯಾಗು ಒಯ್ಯುವ ಆ ದಲ್ಲಾಳಿ, ಉರಿಬಿಸಿಲಿನಲ್ಲೂ ಕೋಟು ಬಿಚ್ಚದ ಪುಣ್ಯಾತ್ಮ, ಒಂದಕ್ಕೆ ಎಷ್ಟು ಕೊಡುತ್ತಾನೆ? ಸಣ್ಣಪುಟ್ಟ ಅಂಗಡಿಗೆ ಹಾಕುತ್ತೇನೆ ಎಂದಿದ್ದನಲ್ಲ?

ನಿನ್ನ ತಮ್ಮ


ಫೆಬ್ರವರಿ 12

ಲೋ,

ಕೊಯ್ದೆಯಾ?

ನಿನ್ನ ಕಾಗದವನ್ನು ನಿಂತು ಓದಿದೆ, ಆಮೇಲೆ ಕೂತು ಓದಿದೆ. ನೀನು ಬೆಲೆ, ಬೆಲೆ ಎಂದು ಬಾಯಿ ಬಡಿದುಕೊಂಡಿದ್ದೀಯ. ನನ್ನ ಕಣ್ಣಿಗೆ ಕಟ್ಟಿದ್ದು ಕತ್ತಿ. ಬಿಚ್ಚುವುದೇ ಆದರೆ ಹೊಲಿಗೆ ಬಿಚ್ಚಬೇಕಪ್ಪ, ಚರ್ಮ ಸೀಳುತ್ತಾರಾ? ಕಲಿಸಿದ್ದು ನಾನೇ ಅಲ್ಲವಾ?

ಅದು ಯಾವ ಬ್ಯಾಗೆಂದು ನನಗೆ ಗೊತ್ತು. ಬೆಲ್ಲದ ಬಣ್ಣದ್ದು, ಮುಚ್ಚಳದ ಮೂಲೆಯಲ್ಲಿ ಚರ್ಮಕ್ಕೇ ಹುಟ್ಟಿನಿಂದ ಬಂದ ಒಂದು ಗೆರೆ ಇದ್ದದ್ದು. ಆ ಗೆರೆಯನ್ನು ಬಿಸಾಡುವುದಾ ಉಳಿಸುವುದಾ ಎಂದು ನಾನೂ ನಿನ್ನ ಭಾವನೂ ಒಂದು ಬೆಳಿಗ್ಗೆಯೆಲ್ಲ ಜಗಳವಾಡಿದ್ದೆವು. ಇಡೀ ಚರ್ಮ ಹಾಸಿ, ಬೆನ್ನಿನ ಭಾಗ ಮೈಗೆ, ಹೊಟ್ಟೆಯ ಭಾಗ ಒಳಜೇಬಿಗೆ ಎಂದು ಆರಿಸಿ, ಕತ್ತರಿಸಿ, ಅಂಚು ತೆಳುವಾಗಿ ಕೆರೆದು, ಅಂಟು ಹಾಕಿ, ಉಳಿ ಇಟ್ಟು ಒಂದೊಂದೇ ತೂತು ಹೊಡೆದು, ಮೇಣ ಹಚ್ಚಿದ ದಾರದ ಎರಡು ತುದಿಗೂ ಸೂಜಿ ಪೋಣಿಸಿ ಎರಡೂ ಕಡೆಯಿಂದ ಹೊಲಿದು, ಮತ್ತೆ ಅಂಚು ಉಜ್ಜಿ, ಬಣ್ಣ ಹಚ್ಚಿ, ಒಣಗಿಸಿ, ಮತ್ತೆ ಉಜ್ಜಿ... ನಮ್ಮಿಬ್ಬರಿಗೂ ಸೇರಿ ವಾರದ ಮೇಲೆ ಹಿಡಿಯುತ್ತದೆ. ನೀನು ಒಂದು ದಿನದ ಕೂಲಿ ಎಂದೆ. ಯಾರ ದಿನ ಕಣೋ ಅದು?

ಆ ಕೋಟಿನವನು ಬ್ಯಾಗು ಒಂದಕ್ಕೆ ನಾಲ್ಕು ಸಾವಿರ ಕೊಡುತ್ತಾನೆ, ಚರ್ಮವೂ ಅವನದೇ. ಒಂದು ಸಲವೂ ಬಾಕಿ ಉಳಿಸಿಲ್ಲ. ನೀನು ಬರೆದ ಬೆಲೆಯಲ್ಲಿ ಒಂದು ಸೊನ್ನೆ ಜಾಸ್ತಿ ಬಿದ್ದಿದೆ. ಸೊನ್ನೆಯ ವಿಷಯದಲ್ಲಿ ನೀನು ಚಿಕ್ಕಂದಿನಿಂದಲೂ ಧಾರಾಳಿ.

ನಿನ್ನ ಭಾವ ಸುತ್ತಿಗೆ ಕೆಳಗಿಟ್ಟು, "ಮನೆಯವ್ರ ಕೈಯಲ್ಲೇ ಕೊಯ್ಸಿಕೊಂಡ್ವಲ್ಲೇ," ಎಂದರು.

ಅಕ್ಕ


ಫೆಬ್ರವರಿ 19

ಅಕ್ಕಾ,

ಸೊನ್ನೆ ಸರಿಯಾಗಿದೆ. ನಿನ್ನ ಕೈಬಿಟ್ಟ ಮೇಲೆ ಅಂಟಿಸಿದ ಒಳಬಟ್ಟೆಯ ಮೇಲೆ ಚಿನ್ನದ ಅಕ್ಷರದಲ್ಲಿ ಅಂಗಡಿಯ ಹೆಸರಿತ್ತು. ಅವರ ಗಾಜಿನ ಗೋಡೆಯ ಅಂಗಡಿ ನಿಮ್ಮ ಪಕ್ಕದ ಪಟ್ಟಣದ ದೊಡ್ಡ ರಸ್ತೆಯಲ್ಲೂ ಇದೆ. ವಿಳಾಸ ಹಿಂಬದಿ ಬರೆದಿದ್ದೇನೆ. ನಂಬದಿದ್ದರೆ ಹೋಗಿ ನೋಡಿ ಬಾ.

ಇನ್ನೊಂದು ವಿಷಯ. ಆ ವೀಡಿಯೊ ಕೈಮೀರಿ ಹೋಗಿದೆ. ಎಷ್ಟು ಲಕ್ಷ ಜನ ನೋಡಿದರೋ. "ಒಂದು ದಿನದ ಕೂಲಿ" ಎನ್ನುವುದು ಈಗ ತಮಾಷೆಯ ಮಾತಾಗಿದೆ, ಬಸ್ಸಿನಲ್ಲಿ ಇಬ್ಬರು ಹುಡುಗಿಯರು ಆಡಿಕೊಳ್ಳುವುದನ್ನು ಕೇಳಿದೆ. ನಾನು ಅಳಿಸಿಹಾಕಿದೆ. ಅಳಿಸುವ ಮೊದಲೇ ಬೇರೆಯವರು ಇಳಿಸಿಕೊಂಡು ತಾವೇ ಹಾಕಿಕೊಂಡಿದ್ದಾರೆ.

ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ. ಇದು ನನ್ನ ಅಕ್ಕನ ಕೈಕೆಲಸ ಎಂದಾಗ ತುಂಡುಗಳನ್ನೆಲ್ಲ ಆರಿಸಿ ಒಂದು ಬಟ್ಟೆಚೀಲಕ್ಕೆ ಹಾಕಿಕೊಂಡು ಹೋದರು. ಬೈದಿದ್ದರೇ ವಾಸಿಯಿತ್ತು.

ತಮ್ಮ


ಮಾರ್ಚ್ 9

ತಮ್ಮಾ,

ಹೋಗಿ ಬಂದೆವು. ಬಂದು ಮೂರು ದಿನವಾಯಿತು, ಇವತ್ತು ಬರೆಯುವಷ್ಟು ತಲೆ ನೆಟ್ಟಗಾಗಿದೆ.

ನಿನ್ನ ಭಾವ ಮದುವೆಮನೆಗೆ ಹೊರಟವರ ಹಾಗೆ ಇಸ್ತ್ರಿ ಅಂಗಿ ಹಾಕಿಕೊಂಡರು. ಬಾಗಿಲು ತಾನೇ ತೆರೆದುಕೊಂಡಿತು, ಒಳಗೆ ಚಳಿ. ಅಷ್ಟು ದೊಡ್ಡ ಹಜಾರದಲ್ಲಿ ಇದ್ದದ್ದು ಹದಿನೈದೋ ಇಪ್ಪತ್ತೋ ಬ್ಯಾಗು, ಒಂದೊಂದಕ್ಕೂ ಒಂದೊಂದು ಪೀಠ, ಒಂದೊಂದು ದೀಪ. ನಮ್ಮ ಮನೆಯಲ್ಲಿ ಗೋಣಿಚೀಲದಲ್ಲಿ ಒಂದರ ಮೇಲೊಂದು ಬಿದ್ದಿರುತ್ತವಲ್ಲ, ಅವೇ. ನಾಲ್ಕನ್ನು ದೂರದಿಂದಲೇ ಗುರುತಿಸಿದೆ. ಮೂರು ನಮ್ಮ ಬೀದಿಯವರದ್ದು, ಒಂದು ನನ್ನದು. ಕಪ್ಪನೆಯದು. ಕೈ ಚಾಚಿದೆ.

"ಮೇಡಂ, ಮೇಡಂ, ಒಂದ್ನಿಮಿಷ," ಎಂದು ಅಂಗಡಿಯ ಹುಡುಗಿ ಓಡಿ ಬಂದಳು. ಟ್ರೇಯಲ್ಲಿ ಬಿಳಿ ಕೈಗವಸು ತಂದಿದ್ದಳು. "ಬರಿಗೈಯಲ್ಲಿ ಮುಟ್ಟಿದ್ರೆ ಚರ್ಮಕ್ಕೆ ಕಲೆ ಆಗುತ್ತೆ ಮೇಡಂ." ನಾನು ಹಾಕಿಕೊಂಡೆ ಕಣೋ! ವಾರವೆಲ್ಲ ತೊಡೆಯ ಮೇಲಿಟ್ಟುಕೊಂಡು ಹೊಲಿದದ್ದನ್ನು ಗವಸು ಹಾಕಿಕೊಂಡು ಮುಟ್ಟಿದೆ. ಅಂಗೈಗೆ ಏನೂ ತಿಳಿಯಲಿಲ್ಲ. ಪರರ ಮಗುವನ್ನು ಎತ್ತಿಕೊಂಡ ಹಾಗಿತ್ತು.

ಬೆಲೆಯ ಚೀಟಿ ತಿರುಗಿಸಿ ನೋಡಿದೆ. ನೀನು ಸೊನ್ನೆ ಜಾಸ್ತಿ ಹಾಕಿರಲಿಲ್ಲ. ಪೀಠ ಹಿಡಿದುಕೊಂಡೆ. ಹುಡುಗಿ ಒಳ್ಳೆಯವಳು, ನೀರು ತಂದುಕೊಟ್ಟಳು. "ಇದನ್ನ ಮಾಡೋದು ಒಬ್ರೇ ಒಬ್ರು ಮೇಡಂ. ಎಂಬತ್ತು ವರ್ಷದ ಅಜ್ಜ. ಬೆಟ್ಟದ ಮೇಲೆ ಒಬ್ರೇ ಇದ್ಕೊಂಡು ಹೊಲೀತಾರೆ," ಎಂದು ಗೋಡೆ ತೋರಿಸಿದಳು. ಆಳೆತ್ತರದ ಫೋಟೋ. ಎದೆಯವರೆಗೆ ಬಿಳಿ ಗಡ್ಡ ಬಿಟ್ಟ ಮುದುಕ, ಕೈಯಲ್ಲಿ ಸೂಜಿ. ಸೂಜಿಯನ್ನು ಹಲ್ಲುಕಡ್ಡಿ ಹಿಡಿದ ಹಾಗೆ ಹಿಡಿದಿದ್ದಾನೆ.

ನಿನ್ನ ಭಾವ ಫೋಟೋವನ್ನೂ ನನ್ನನ್ನೂ ನೋಡಿ, "ಇಷ್ಟು ವರ್ಷ ಸಂಸಾರ ಮಾಡಿದ್ರೂ ನಿನಗೆ ಗಡ್ಡ ಇರೋದು ನನಗೆ ಗೊತ್ತೇ ಆಗ್ಲಿಲ್ವಲ್ಲೇ," ಎಂದರು. ನಗು ತಡೆಯಲಾಗಲಿಲ್ಲ. ಹೊರಗೆ ಬಂದು ಫುಟ್‌ಪಾತಿನ ಮೇಲೆ ಕೂತು ಇಬ್ಬರೂ ನಕ್ಕೆವು. ನಗುತ್ತಾ ನಗುತ್ತಾ ನೋಡುತ್ತೇನೆ, ಅವರು ಆ ಕಡೆ ಮುಖ ತಿರುಗಿಸಿಕೊಂಡಿದ್ದಾರೆ.

ಅವರ ಪಾಲಿಗೆ ನಾನು ಇಲ್ಲವೇ ಇಲ್ಲ, ತಿಳೀತಾ? ನೀನಾದರೂ ನನ್ನನ್ನು ಒಂದು ಆಳು ಎಂದೆ.

ಅಕ್ಕ


ಏಪ್ರಿಲ್ 3

ಇವತ್ತು ಕೋಟಿನವನು ಬಂದಿದ್ದ. ಫೋನು ತೆಗೆದು ನಿನ್ನ ವೀಡಿಯೊ ನನ್ನ ಮುಖಕ್ಕೆ ಹಿಡಿದ. ಕಿವಿಗೆ ಕೇಳಿಸಲಿ ಎಂದು ದನಿ ಪೂರ್ತಿ ಏರಿಸಿದ. "ಇವ್ರು ನಿಮ್ಮ ತಮ್ಮ ಅಲ್ವೇನಮ್ಮಾ? ಒಂದು ದಿನದ ಕೂಲಿ ಅಂತ ಅವ್ರ ಬಾಯಲ್ಲೇ ಬಂದಿದೆ. ನಾನು ಇಷ್ಟು ವರ್ಷ ಸುಮ್ನೆ ಜಾಸ್ತಿ ಕೊಟ್ಕೊಂಡ್ ಬಂದೆ. ಇನ್ಮೇಲೆ ಎರಡು ಸಾವಿರ."

ನನಗೊಬ್ಬಳಿಗೇ ಅಲ್ಲ, ನಮ್ಮ ಬೀದಿಯಲ್ಲಿ ಅವನಿಗೆ ಹೊಲಿಯುವ ಇನ್ನೂ ಮೂವರಿಗೂ ಅದೇ ಮಾತು. ಅವರಲ್ಲಿ ಹಿರಿಯಳು, ಮಿಕ್ಕವರಿಗೆ ಈ ಕೆಲಸ ಕಲಿಸಿದ ಎದುರುಮನೆಯ ದೊಡ್ಡಮ್ಮ ಒಪ್ಪಿಕೊಂಡಳು. ಬೇರೆ ದಾರಿ ಇಲ್ಲ ಅವಳಿಗೆ. ಉಳಿದಿಬ್ಬರೂ ಒಪ್ಪಿದರು. ಸಂಜೆ ಮೂವರೂ ನಮ್ಮ ಬಾಗಿಲಿಗೆ ಬಂದು ನಿಂತರು. ಬೈಯಲಿಲ್ಲ. "ನಿನ್ನ ತಮ್ಮನಿಗೆ ನಾವೇನು ಮಾಡಿದ್ವಿ?" ಎಂದು ಕೇಳಿದರು, ಅಷ್ಟೇ.

ನಾನು ಒಪ್ಪಲಿಲ್ಲ. ಚರ್ಮವನ್ನೆಲ್ಲ ಅವನ ವ್ಯಾನಿಗೆ ವಾಪಸು ತುಂಬಿದೆ. ನಾಳೆಯಿಂದ ನಿನ್ನ ಭಾವ ಸೋಫಾ ಅಂಗಡಿಯಲ್ಲಿ ಹೊದಿಕೆ ಎಳೆಯುವ ಕೆಲಸಕ್ಕೆ ಹೋಗುತ್ತಾರೆ. ಮೇಜು ಖಾಲಿ.

ಸದ್ಯಕ್ಕೆ ನನಗೆ ಬರೆಯಬೇಡ.


ಏಪ್ರಿಲ್ 10

ಅಕ್ಕಾ,

ಬರೆಯಬೇಡ ಎಂದೆ. ಒಂದೇ ಸಾಲು. ನಾನು ಬ್ಯಾಗು ಕೊಯ್ಯುವ ಕೆಲಸ ನಿಲ್ಲಿಸಿದ್ದೇನೆ.

ತಮ್ಮ


ಮೇ 21

ಅಕ್ಕಾ,

ನೀನು ಉತ್ತರ ಬರೆಯುವುದಿಲ್ಲ ಎಂದು ಗೊತ್ತು. ಓದಿದರೆ ಸಾಕು.

ಒಂದು ಚರ್ಮ ಕೊಂಡು ತಂದೆ. ನಿನ್ನ ಬ್ಯಾಗನ್ನೇ ನೆನಪಿನಿಂದ ಮಾಡುತ್ತೇನೆ, ಫೋನಿನ ಮುಂದೆ, ಶುರುವಿನಿಂದ ಕೊನೆಯವರೆಗೆ, ಎಷ್ಟು ದಿನ ಹಿಡಿಯುತ್ತದೋ ಜನ ನೋಡಲಿ ಎಂದುಕೊಂಡೆ. ಮೊದಲ ದಿನ ತುಂಬಾ ಜನ ಬಂದರು. ಯಾವಾಗ ಕೊಯ್ಯುತ್ತೀರಿ ಎಂದು ಕೇಳಿದರು. ಕೊಯ್ಯುವುದಿಲ್ಲ, ಹೊಲಿಯುತ್ತೇನೆ ಎಂದೆ. ಮಾರನೇ ದಿನ ಅರ್ಧ ಜನ ಇರಲಿಲ್ಲ. ಅಂಚು ಕೆರೆಯುವಾಗ ಚರ್ಮ ಎರಡು ಕಡೆ ಹರಿಯಿತು, ಮತ್ತೆ ಮೊದಲಿಂದ. ಉಳಿ ಜಾರಿ ಹೆಬ್ಬೆರಳಿಗೆ ಬಿತ್ತು. ರಕ್ತ ಬಂದಾಗ ಒಂದಷ್ಟು ಜನ ವಾಪಸು ಬಂದರು, ಕಟ್ಟು ಕಟ್ಟಿಕೊಂಡ ಮೇಲೆ ಹೋದರು. ಮೂರನೇ ವಾರದ ಕೊನೆಗೆ ಬ್ಯಾಗು ಮುಗಿದಾಗ ನೋಡುತ್ತಿದ್ದವರು ಏಳು ಮಂದಿ. ಅವರಲ್ಲೊಬ್ಬ ನಿದ್ದೆ ಬರಲಿ ಎಂದು ಹಾಕಿಕೊಂಡಿದ್ದೇನೆ ಎಂದು ಬರೆದ.

ಬ್ಯಾಗು ಸೊಟ್ಟಗಿದೆ. ಮೇಜಿನ ಮೇಲಿಟ್ಟರೆ ಕುಡಿದವರ ಹಾಗೆ ಒಂದು ಕಡೆಗೆ ಒರಗುತ್ತದೆ. ಇದು ಒಂದು ದಿನದ ಕೆಲಸವಲ್ಲ, ನಾನು ಹೇಳಿದ್ದು ಸುಳ್ಳು ಎಂದು ಹೇಳಿ ಮುಗಿಸಿದೆ. ಆ ಮಾತನ್ನು ಯಾರೂ ಇಳಿಸಿಕೊಳ್ಳಲಿಲ್ಲ.

ಇನ್ನೊಂದು ಮಾತು. ಗಾಜಿನ ಅಂಗಡಿಯವರಿಗೆ ನನ್ನ ವೀಡಿಯೊದಿಂದ ನಷ್ಟವಾಗಲಿಲ್ಲ. ಕೊಯ್ದರೂ ರಟ್ಟು ಸಿಗದ ಬ್ಯಾಗು ಯಾವುದು, ಅದೇ ಬೇಕು ಎಂದು ಜನ ಕೇಳಿಕೊಂಡು ಬರುತ್ತಿದ್ದಾರಂತೆ. ಬೆಲೆ ಇನ್ನೂ ಏರಿಸಿದ್ದಾರೆ. ಅವರಿಗೆ ಏರಿತು, ನಿನಗೆ ಇಳಿಯಿತು. ನಾನು ಕೊಯ್ದದ್ದು ಯಾರನ್ನು ಎಂದು ಈಗ ಗೊತ್ತಾಗುತ್ತಿದೆ.

ತಮ್ಮ


ಜೂನ್ 14

ಲೋ ತಮ್ಮಾ,

ಯಾರಿಗಾದರೂ ವಿಳಾಸ ಕೊಡುವ ಮೊದಲು ನನ್ನನ್ನು ಒಂದು ಮಾತು ಕೇಳಬಾರದಾ? ಹೋದ ಭಾನುವಾರ ಬಾಗಿಲು ತೆರೆದರೆ ನಿನ್ನ ಹಲ್ಲಿನ ಡಾಕ್ಟರಮ್ಮ ನಿಂತಿದ್ದಾರೆ! ನಾನು ಒರಟು ಏಪ್ರನ್ನು, ಕೆದರಿದ ತಲೆ. ಅವರು ಒಳಗೆ ಬಂದು, ಖಾಲಿ ಮೇಜಿನ ಮೇಲೆ ಬಟ್ಟೆಚೀಲ ಸುರಿದರು.

ಕೊಯ್ದದ್ದನ್ನು ಫೋನಿನಲ್ಲಿ ಕಂಡಿದ್ದೆ, ಎದುರಿಗೆ ಕಂಡಿರಲಿಲ್ಲ. ಪಕ್ಕ ಪೂರ್ತಿ ಸೀಳಿತ್ತು, ಹಿಡಿಕೆ ಬೇರೆಯಾಗಿ ಬಿದ್ದಿತ್ತು. ಮುಚ್ಚಳದ ಮೂಲೆಯ ಗೆರೆ ಮಾತ್ರ ಹಾಗೇ ಇತ್ತು. "ಸರಿಮಾಡೋಕಾಗುತ್ತಾ?" ಎಂದರು. ಆಗುತ್ತದೆ, ಆದರೆ ಹೊಸ ಪಕ್ಕ ಹಾಕಿದರೆ ಬಣ್ಣ ಕೂಡುವುದಿಲ್ಲ, ಕಾಣುತ್ತದೆ ಎಂದೆ. "ಕಾಣ್ಲಿ ಬಿಡಿ. ಎಷ್ಟಾಗುತ್ತೆ?"

ಅಲ್ಲಿ ಸಿಕ್ಕಿಬಿದ್ದೆ ನೋಡು. ಇಷ್ಟು ವರ್ಷ ಕೋಟಿನವನು ಹೇಳಿದ, ನಾನು ತಲೆಯಾಡಿಸಿದೆ. ನನ್ನ ಕೆಲಸಕ್ಕೆ ನನ್ನ ಬಾಯಿಂದ ಬೆಲೆ ಹೇಳಿಯೇ ಗೊತ್ತಿಲ್ಲ. "ಏನೂ ಬೇಡಮ್ಮ, ಕೊಯ್ದಿದ್ದು ನಮ್ಮ ಹುಡುಗನೇ," ಎಂದೆ. ಡಾಕ್ಟರಮ್ಮನಿಗೆ ಸಿಟ್ಟೇ ಬಂತು. "ಕೊಯ್ಯೋಕೆ ಹೇಳಿದ್ದು ನಾನು. ಬೆಲೆ ಹೇಳಿ, ಇಲ್ದಿದ್ರೆ ಇದನ್ನ ಹೀಗೇ ವಾಪಸ್ ತಗೊಂಡ್ ಹೋಗ್ತೀನಿ."

ಆಮೇಲೆ ಸ್ಟೂಲಿನ ಮೇಲೆ ಕೂತು ತಮ್ಮ ಕಥೆ ಹೇಳಿದರು. ಹೊಸದರಲ್ಲಿ ಅವರಿಗೆ ಒಂದು ಹಲ್ಲು ಕೀಳಲು ಒಂದು ಗಂಟೆ ಹಿಡಿಯುತ್ತಿತ್ತಂತೆ, ರೋಗಿ ಅಯ್ಯೋ ಅಮ್ಮಾ ಎನ್ನುತ್ತಿದ್ದನಂತೆ. ಈಗ ಐದು ನಿಮಿಷ, ನೋವೂ ಇಲ್ಲ. "ಐದೇ ನಿಮಿಷಕ್ಕೆ ಇಷ್ಟಾ ಅಂತಾರೆ. ಗಂಟೆಗಟ್ಟಲೆ ಒದ್ದಾಡಿಸಿದ್ರೆ ಖುಷಿಯಾಗಿ ಕೊಡ್ತಿದ್ರೇನೋ. ನಾನೂ ಮೊದಮೊದಲು ಬೆಲೆ ಹೇಳಿದ ತಕ್ಷಣ, ನಿಮಗೆ ಕಷ್ಟ ಆದ್ರೆ ಕಡಿಮೆ ಮಾಡ್ತೀನಿ ಅಂತ ನಾನೇ ಸೇರಿಸ್ತಿದ್ದೆ. ಅದೇ ತಪ್ಪು. ಹೇಳ್ಬೇಕು, ಹೇಳಿ ಬಾಯಿ ಮುಚ್ಕೋಬೇಕು."

ಜೀವನವಿಡೀ ಜನರಿಗೆ ಬಾಯಿ ತೆಗೆಯಿರಿ ಎನ್ನುವವರು ನನಗೆ ಬಾಯಿ ಮುಚ್ಚಿಕೊಳ್ಳಿ ಎಂದರು!

ಮೂರು ಸಾವಿರ ಎಂದೆ. ಹೇಳಿ ನಾಲಿಗೆ ಕಚ್ಚಿಕೊಂಡೆ. ಕೊಟ್ಟರು. ಮನೆಯಲ್ಲುಳಿದ ಹಳೆಯ ತುಂಡುಗಳಲ್ಲಿ ಹುಡುಕಿ ಒಂದು ಪಕ್ಕ ಕೂಡಿಸುತ್ತಿದ್ದೇನೆ. ತಿಂಗಳುಗಳ ಮೇಲೆ ಮನೆಯಲ್ಲಿ ಸುತ್ತಿಗೆಯ ಸದ್ದಾಗುತ್ತಿದೆ.

ನಿನ್ನ ಸೊಟ್ಟ ಬ್ಯಾಗನ್ನು ಕಳಿಸು. ಭಾವನಿಗೆ ನೋಡಬೇಕಂತೆ. ಹೆಬ್ಬೆರಳು ವಾಸಿಯಾಯಿತಾ?

ಅಕ್ಕ


ಆಗಸ್ಟ್ 30

ತಮ್ಮಾ,

ನಿನ್ನೆ ನಡೆದದ್ದನ್ನು ಮರೆಯುವ ಮೊದಲು ಬರೆದುಬಿಡುತ್ತೇನೆ. ಮರೆಯುವಂಥದ್ದಲ್ಲ, ಆದರೂ.

ಕೋಟಿನವನು ಬಂದ. ನಾನು ಬಿಟ್ಟ ಮೇಲೆ ನನ್ನ ಪಾಲಿನದ್ದನ್ನು ಬೇರೆ ಊರಿನವರಿಂದ ಅಗ್ಗಕ್ಕೆ ಮಾಡಿಸಿದ್ದನಂತೆ. ಅಂಚಿನ ಬಣ್ಣ ಎದ್ದು, ಗಾಜಿನ ಅಂಗಡಿಯವರು ಒಂದೂ ಬಿಡದೆ ಹಿಂದಕ್ಕೆ ಎಸೆದಿದ್ದಾರೆ. ಅಂಗಳದಲ್ಲಿ ನಿಂತು, "ಹಳೇ ರೇಟಿಗೇ ಮಾಡ್ಕೊಡಿ ಅಮ್ಮಾ, ಕೋಪ ಯಾಕೆ," ಎಂದ.

ನಾನೂ ಬೀದಿಯ ಮೂವರೂ ಮೊದಲೇ ಮಾತಾಡಿಕೊಂಡಿದ್ದೆವು. ಅಗ್ಗದ ಕೆಲಸ ಬಾಳುವುದಿಲ್ಲ, ಅವನು ಬಂದೇ ಬರುತ್ತಾನೆ ಎಂದು ಡಾಕ್ಟರಮ್ಮ ಹೇಳಿದ್ದರು. ಅವನನ್ನು ಒಳಗೆ ಕೂರಿಸಿ, ಅವರನ್ನು ಕರೆಸಿ, ನಾಲ್ಕೂ ಜನ ನಮ್ಮ ಹಜಾರದಲ್ಲಿ ಸಾಲಾಗಿ ಕೂತೆವು, ಹೆಣ್ಣು ನೋಡಲು ಬಂದವರ ಹಾಗೆ. ನಿನ್ನ ಭಾವ ಒಳಕೋಣೆಯ ಬಾಗಿಲ ಮರೆಯಲ್ಲಿ. ನಾನು ಹೇಳಿದೆ: "ಒಂದಕ್ಕೆ ಹದಿನೈದು ಸಾವಿರ. ನಾಲ್ಕೂ ಜನಕ್ಕೆ ಅದೇ."

ಹೇಳಿ ಬಾಯಿ ಮುಚ್ಚಿಕೊಂಡೆ. ನಾಲ್ಕು ಸಾವಿರದಿಂದ ಹದಿನೈದು. ಗಂಟಲಲ್ಲಿ "ಹನ್ನೆರಡಾದರೂ ಆಗುತ್ತೆ" ಎನ್ನುವುದು ಬಂದು ಕೂತಿತ್ತು. ನನ್ನ ಬಲಗೈಯನ್ನು ಎದುರುಮನೆಯ ದೊಡ್ಡಮ್ಮ ಹಿಡಿದುಕೊಂಡಿದ್ದಳು, ಉಗುರು ಊರುವ ಹಾಗೆ. ಅವನು ಎದ್ದು ಹೋಗುತ್ತಾನೆ, ಕೂಗಾಡುತ್ತಾನೆ ಎಂದು ಕಾದೆ.

"ಸರಿ," ಎಂದ.

ಅಷ್ಟೇ. ಫೋನಿನಲ್ಲಿ ಏನೋ ಒತ್ತಿಕೊಂಡ. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಮೆಟ್ಟಿಲಿಳಿದು ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಮೊದ್ಲೇ ಕೇಳಿದ್ರೆ ಕೊಡ್ತಿದ್ನಲ್ಲಮ್ಮಾ. ನೀವು ಯಾವತ್ತೂ ಕೇಳ್ಲೇ ಇಲ್ಲ," ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ, ನಗುತ್ತಾ.

ಅವನು ಬೇಡವೆಂದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಬೆಲೆಯ ಚೀಟಿ ನೋಡಿದ ದಿನವೂ ಹೀಗೆ ಆಗಿರಲಿಲ್ಲ. ನಾನು ಹೇಗೆ ಎದ್ದೆನೋ ಗೊತ್ತಿಲ್ಲ, ಬರಿಗಾಲಲ್ಲಿ ಬೀದಿಗೆ ಓಡಿದೆ. ಅವನು ವ್ಯಾನಿನ ಬಾಗಿಲು ತೆಗೆಯುತ್ತಿದ್ದ. "ಇಪ್ಪತ್ತು," ಎಂದೆ.

"ಏನಮ್ಮಾ?"

"ಇಪ್ಪತ್ತು ಸಾವಿರ."

ಆಗ ಅವನ ಮುಖ ಬದಲಾಯಿತು. ಬಾಯಿ ತೆರೆದ, ಮುಚ್ಚಿದ, ಬೆವರೊರೆಸಿಕೊಂಡ. ಡೀಸೆಲ್ಲು ಅಂದ, ಬಾಡಿಗೆ ಅಂದ, ಮಗಳ ಮದುವೆ ಅಂದ. ನಡುಬೀದಿಯಲ್ಲಿ, ಬಿಸಿಲಲ್ಲಿ, ನಾನು ಸುಮ್ಮನೆ ನಿಂತೇ ಇದ್ದೆ. ಕೊನೆಗೆ ಹದಿನೆಂಟಕ್ಕೆ ಮುಗಿಯಿತು. ಅವನಿಗೂ ಹೊಟ್ಟೆ ಉರಿಯಿತು, ನನಗೂ ಉರಿಯಿತು. ಅದೇ ಸರಿಯಾದ ಬೆಲೆ ಇರಬೇಕು.

ವಾಪಸು ಬಂದಾಗ ನಿನ್ನ ಭಾವ ಮಕ್ಕಳ ಹಾಗೆ ಕುಣಿಯುತ್ತಿದ್ದರು. ಬೀದಿಯ ಆ ಇಬ್ಬರು ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದರು. ಎದುರುಮನೆಯ ದೊಡ್ಡಮ್ಮ ಮಾತ್ರ ಕೂತಲ್ಲೇ ಕೂತಿದ್ದಳು. ಹೋದ ವರ್ಷದಿಂದ ಅವಳ ಕಣ್ಣು ಮಂಜಾಗಿದೆ. ಸೂಜಿಗೆ ದಾರ ಪೋಣಿಸಲು ಮೊಮ್ಮಗಳು ಬೇಕು. ತಿಂಗಳಿಗೆ ಒಂದು ಬ್ಯಾಗು ಮುಗಿಸಿದರೆ ದೊಡ್ಡದು.

"ಹದಿನೆಂಟು ಸಾವಿರ ದೊಡ್ಡಮ್ಮಾ, ಕೇಳಿಸ್ತಾ?" ಎಂದೆ.

"ಕೇಳಿಸ್ತು," ಎಂದಳು. "ನನ್ನ ಕಣ್ಣು ಚೆನ್ನಾಗಿದ್ದಾಗ ಯಾಕೆ ಕೇಳ್ಲಿಲ್ಲ ಮಗಾ ನಾವು?"

ಅವಳ ಪಕ್ಕ ಹೋಗಿ ಕೂತೆ.

ಒಂದು ಸಲ ಬಂದು ಹೋಗು.

ನಿನ್ನ ಅಕ್ಕ